ನೂರೆಂಬತ್ತು ಶೀಟು, ಅದೇ ಹತ್ತು ಕಮಾಂಡು

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಪುಣೆಯಿಂದ ಬರೆದವರದ್ದೂ ಅದೇ, ಡೊಂಬಿವಲಿಯವರದ್ದೂ ಅದೇ, ಗೋವಾದವರದ್ದೂ ಅದೇ. ಆಟೋಕ್ಯಾಡ್ ಅನ್ನುವ ಸಾಫ್ಟ್‌ವೇರಿನಲ್ಲಿ ಡ್ರಾಯಿಂಗ್ ಮಾಡುವುದು ಕಷ್ಟ ಅನಿಸುವುದಿಲ್ಲ, ಮಾಡಿಟ್ಟ ಡ್ರಾಯಿಂಗನ್ನು ತೆರೆದು, ಒಂದು ತಾರೀಖು ಬದಲಿಸಿ, ಪ್ರಿಂಟ್ ಕೊಟ್ಟು, ಮುಚ್ಚಿ, ಮುಂದಿನದನ್ನು ತೆರೆಯುವುದರಲ್ಲೇ ಜೀವ ಹೋಗುತ್ತದೆ ಅಂತ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸದಲ್ಲಿ ಇರುವವಳು ನಾನು, ಆ ಸುಸ್ತು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಡ್ರಾಫ್ಟ್ಸ್‌ಮನ್. ಊರು ವಿಜಯಪುರದ ಕಡೆ. ರಿವಿಷನ್ ಬಂದಾಗಲೆಲ್ಲ 180 ಡ್ರಾಯಿಂಗ್ ಒಂದೊಂದಾಗಿ ತೆರೆದು, ಪರ್ಜ್ ಮಾಡಿ (ಬಳಕೆಯಲ್ಲಿಲ್ಲದ ಕಸ ತೆಗೆದು), ಝೂಮ್ ಎಕ್ಸ್‌ಟೆಂಟ್ಸ್ ಕೊಟ್ಟು (ಇಡೀ ಡ್ರಾಯಿಂಗ್ ಪರದೆಗೆ ತಂದು), ಎ3 ಪಿಡಿಎಫ್ ತೆಗೆದು, ಸೇವ್ ಮಾಡಿ ಮುಚ್ಚಬೇಕು. ಎರಡು ದಿನ ಪೂರ್ತಿ ಹೋಗುತ್ತದೆ. ಆಟೋಕ್ಯಾಡ್‌ನಲ್ಲಿ ಸ್ಕ್ರಿಪ್ಟ್ ಬರೆದರೆ ತಾನೇ ಮಾಡಿಕೊಳ್ಳುತ್ತದೆ ಅನ್ನುತ್ತಾರೆ. ನನಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ನನ್ನಿಂದ ಆಗುತ್ತದಾ? (ಓದುಗರು, ಭೋಸರಿ, ಪುಣೆ)

ಉತ್ತರ: ಆಗುತ್ತದೆ ತಮ್ಮಾ, ಖಂಡಿತ ಆಗುತ್ತದೆ. ಪ್ರೋಗ್ರಾಮಿಂಗ್ ಅನ್ನುವ ಮಾತನ್ನು ಸದ್ಯಕ್ಕೆ ಮರೆತುಬಿಡಿ. ಆಟೋಕ್ಯಾಡ್ ಸ್ಕ್ರಿಪ್ಟ್ ಅಂದರೆ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟ ಒಂದು ಸಾದಾ ಫೈಲು, ಅಷ್ಟೇ. ನೀವು ಕಮಾಂಡ್ ಲೈನಿನಲ್ಲಿ ಕೈಯಾರೆ ಏನೇನು ಟೈಪ್ ಮಾಡುತ್ತೀರೋ ಅದನ್ನೇ, ಅದೇ ಕ್ರಮದಲ್ಲಿ, ಸಾಲುಸಾಲಾಗಿ ಬರೆದಿಡುವುದು. ಆಮೇಲೆ ಅದನ್ನು ಓದಿಕೊಂಡು ಆಟೋಕ್ಯಾಡ್ ನಿಮ್ಮ ಬದಲು ಟೈಪ್ ಮಾಡುತ್ತದೆ.

ಇದರಲ್ಲಿ ನೆನಪಿಡಬೇಕಾದ ನಿಯಮ ಒಂದೇ ಒಂದು. ಸ್ಕ್ರಿಪ್ಟಿನಲ್ಲಿ ಖಾಲಿ ಜಾಗ ಅಂದರೂ ಎಂಟರ್, ಸಾಲು ಮುರಿದರೂ ಎಂಟರ್. ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದುಬಿಟ್ಟರೆ ಅದೂ ಒಂದು ಎಂಟರ್, ಮತ್ತು ಕಮಾಂಡ್ ಮುಗಿದ ಮೇಲೆ ಬಂದ ಎಂಟರ್ ಅಂದರೆ ಆಟೋಕ್ಯಾಡ್‌ಗೆ ‘ಹಿಂದಿನ ಕಮಾಂಡ್ ಮತ್ತೆ ಮಾಡು’ ಅಂತ ಅರ್ಥ ಅಲ್ವಾ, ಅಲ್ಲಿಂದ ಮುಂದೆ ನಿಮ್ಮ ಒಂದು ಸಾಲೂ ಸರಿಯಾದ ಪ್ರಶ್ನೆಗೆ ಹೋಗಿ ಬೀಳುವುದಿಲ್ಲ. ಹೊಸಬರು ‘ನನ್ನ ಸ್ಕ್ರಿಪ್ಟ್ ಯಾಕೋ ನಡೀತಿಲ್ಲ’ ಅಂತ ತಂದು ತೋರಿಸಿದಾಗ ನಾನು ಮೊದಲು ಮಾಡುವುದು ಏನು ಗೊತ್ತಾ? ಪ್ರತಿ ಸಾಲಿನ ಕೊನೆಗೆ ಕರ್ಸರ್ ಇಟ್ಟು ಎಂಡ್ ಕೀ ಒತ್ತಿ ನೋಡುವುದು. ಕರ್ಸರ್ ಒಂದು ಹೆಜ್ಜೆ ಮುಂದೆ ಹೋಯಿತು ಅಂದರೆ ಕಳ್ಳ ಸಿಕ್ಕ.

ಇನ್ನು ಬರೆಯುವ ಬಗೆ. ಒಂದು ಡ್ರಾಯಿಂಗ್ ತೆರೆಯಿರಿ, ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಪ್ಲಾಟ್ ಅಂತ ಟೈಪ್ ಮಾಡಿದರೆ ದೊಡ್ಡ ಕಿಟಕಿ ತೆರೆದುಕೊಳ್ಳುತ್ತದೆ, ಸ್ಕ್ರಿಪ್ಟಿಗೆ ಆ ಕಿಟಕಿಯಲ್ಲಿ ಕ್ಲಿಕ್ ಮಾಡಲು ಬರುವುದಿಲ್ಲ. ಕಮಾಂಡಿನ ಹೆಸರಿಗಿಂತ ಮೊದಲು ಒಂದು ಸಣ್ಣ ಅಡ್ಡಗೆರೆ ಹಾಕಿ. ಆಗ ಕಿಟಕಿ ಬರುವುದಿಲ್ಲ, ಎಲ್ಲ ಪ್ರಶ್ನೆಗಳೂ ಕಮಾಂಡ್ ಲೈನಿನಲ್ಲೇ ಒಂದರ ಹಿಂದೆ ಒಂದು ಬರುತ್ತವೆ. ಲೇಯರ್, ಪರ್ಜ್ ಇವಕ್ಕೂ ಹಾಗೆಯೇ. ಪ್ಲಾಟ್‌ನ ಮೊದಲ ಪ್ರಶ್ನೆ: ವಿವರವಾಗಿ ಸೆಟ್ ಮಾಡುತ್ತೀರಾ, ಹೌದಾ ಇಲ್ಲವಾ? ‘ಹೌದು’ ಅಂದಿರೋ, ಯಾವ ಲೇಔಟ್, ಯಾವ ಪ್ರಿಂಟರ್, ಯಾವ ಪೇಪರ್, ಮಿಲಿಮೀಟರಾ ಇಂಚಾ, ಅಡ್ಡವಾ ಉದ್ದವಾ, ತಲೆಕೆಳಗಾಗಿ ಬೇಕಾ, ಎಷ್ಟು ಭಾಗ, ಯಾವ ಸ್ಕೇಲ್, ಪೇಪರಿನ ನಡುವೆ ಬೇಕಾ, ಯಾವ ಪೆನ್ ಟೇಬಲ್ (ಗೆರೆಗಳು ಯಾವ ಬಣ್ಣ, ದಪ್ಪದಲ್ಲಿ ಪ್ರಿಂಟ್ ಆಗಬೇಕು ಅನ್ನುವ ಪಟ್ಟಿ), ಲೈನ್‌ವೇಟ್ ಬೇಕಾ ಅಂತ ಹದಿನೈದಕ್ಕೂ ಮೇಲೆ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋಗಿ, ಹಾಳೆಯಲ್ಲಿ ಬರೆದುಕೊಳ್ಳಿ. ಮುಗಿದ ಮೇಲೆ ಎಫ್ 2 ಒತ್ತಿದರೆ ಪ್ರಶ್ನೆ ಉತ್ತರ ಎರಡೂ ಒಟ್ಟಿಗೆ ಕಾಣುತ್ತವೆ, ನಿಮ್ಮ ಹಾಳೆಯ ಜೊತೆ ತಾಳೆ ಹಾಕಿ. ಆ ಉತ್ತರಗಳ ಸಾಲೇ ನಿಮ್ಮ ಸ್ಕ್ರಿಪ್ಟ್.

ಆದರೆ ನಾನು ನಿಮಗೆ ಹೇಳುವುದು ಮೊದಲ ಪ್ರಶ್ನೆಗೇ ‘ಇಲ್ಲ’ ಅನ್ನಿ ಅಂತ. ಯಾಕೆಂದರೆ ಮಾಡೆಲ್‌ನಲ್ಲಿ (ಡ್ರಾಯಿಂಗ್ ಬಿಡಿಸುವ ಜಾಗ) ಬರುವ ಪ್ರಶ್ನೆಗಳೇ ಬೇರೆ, ಲೇಔಟ್‌ನಲ್ಲಿ (ಪ್ರಿಂಟಿಗೆ ಹಾಳೆ ಜೋಡಿಸುವ ಜಾಗ) ಬರುವ ಪ್ರಶ್ನೆಗಳೇ ಬೇರೆ. ಮಾಡೆಲ್‌ನಲ್ಲಿ ಶೇಡ್ ಪ್ಲಾಟ್ ಬಗ್ಗೆ ಕೇಳುತ್ತದೆ, ಲೇಔಟ್‌ನಲ್ಲಿ ಲೈನ್‌ವೇಟನ್ನು ಸ್ಕೇಲಿನ ಜೊತೆ ಬದಲಿಸಲಾ, ಪೇಪರ್ ಸ್ಪೇಸ್ ಮೊದಲು ಪ್ಲಾಟ್ ಮಾಡಲಾ ಅಂತ ಕೇಳುತ್ತದೆ. ಒಂದರಲ್ಲಿ ಬರೆದ ಸ್ಕ್ರಿಪ್ಟ್ ಇನ್ನೊಂದರಲ್ಲಿ ಎಡವಿ ಬೀಳುತ್ತದೆ. ‘ಇಲ್ಲ’ ಅಂದರೆ ಬರೀ ಆರೇಳು ಪ್ರಶ್ನೆ: ಲೇಔಟ್ ಹೆಸರು, ಪೇಜ್ ಸೆಟಪ್ (ಪೇಪರ್, ಸ್ಕೇಲ್ ಎಲ್ಲ ಮೊದಲೇ ಉಳಿಸಿಟ್ಟ ಸೆಟ್ಟಿಂಗ್) ಹೆಸರು, ಪ್ರಿಂಟರ್, ಫೈಲ್ ಹೆಸರು, ಬದಲಾವಣೆ ಉಳಿಸಲಾ, ಮುಂದುವರಿಯಲಾ. ಫೈಲ್ ಹೆಸರಿಗೆ ಬರೀ ಎಂಟರ್ ಕೊಟ್ಟರೆ ಡ್ರಾಯಿಂಗ್ ಹೆಸರಿಗೆ ಲೇಔಟ್ ಹೆಸರು ಸೇರಿಸಿ ಆಟೋಕ್ಯಾಡ್ ತಾನೇ ಒಂದು ಹೆಸರು ಇಟ್ಟುಕೊಳ್ಳುತ್ತದೆ.

ಇದಕ್ಕೆ ಒಂದು ತಯಾರಿ ಬೇಕು. 180 ಡ್ರಾಯಿಂಗ್‌ಗಳಲ್ಲೂ ಲೇಔಟ್ ಹೆಸರು ಒಂದೇ ಇರಬೇಕು, ಪೇಜ್ ಸೆಟಪ್ ಹೆಸರೂ ಒಂದೇ ಇರಬೇಕು. ಒಂದು ಕಡೆ ‘ಲೇಔಟ್ 1’, ಇನ್ನೊಂದು ಕಡೆ ‘ಶೀಟ್ ಎ3’, ಮತ್ತೊಂದು ಕಡೆ ಯಾರೋ ಅವಸರದಲ್ಲಿ ಕಾಪಿ ಮಾಡಿ ಬಿಟ್ಟ ‘ಲೇಔಟ್ 1 (2)’ ಇದ್ದರೆ ಯಾವ ಸ್ಕ್ರಿಪ್ಟೂ ನಿಮ್ಮನ್ನು ಕಾಪಾಡುವುದಿಲ್ಲ. ಹೇಗೂ ಒಂದು ಸಲ ಕೂತು ಸರಿ ಮಾಡಲೇಬೇಕಾದ ಕೆಲಸ ಅದು. ಬೇಜಾರು ಮಾಡಿಕೊಳ್ಳಬೇಡಿ, ನಾಲ್ಕು ಗಂಟೆ ಹೋದರೂ ಮುಂದಿನ ಪ್ರತಿ ರಿವಿಷನ್‌ಗೂ ಅದು ವಾಪಸ್ ಬರುತ್ತದೆ. ಹೊಸ ಡ್ರಾಯಿಂಗ್‌ಗಳನ್ನು ಇನ್ನು ಮುಂದೆ ಒಂದೇ ಟೆಂಪ್ಲೇಟಿನಿಂದ ಶುರು ಮಾಡಿ.

ನಿಮ್ಮ ಸ್ಕ್ರಿಪ್ಟ್ ಹೀಗಿರುತ್ತದೆ. ಮೊದಲ ಸಾಲು ಫೈಲ್‌ಡಯಾ ಅನ್ನುವ ವೇರಿಯಬಲ್ಲಿಗೆ (ಆಟೋಕ್ಯಾಡ್‌ನ ಒಂದು ಸೆಟ್ಟಿಂಗ್) ಸೊನ್ನೆ, ಫೈಲ್ ಕೇಳುವ ಕಿಟಕಿಗಳು ಬಾರದಿರಲಿ ಅಂತ. ಎರಡನೆಯದು ಬ್ಯಾಕ್‌ಗ್ರೌಂಡ್‌ಪ್ಲಾಟ್ ಸೊನ್ನೆ. ಇಲ್ಲದಿದ್ದರೆ ಒಂದು ಪಿಡಿಎಫ್ ಮುಗಿಯುವ ಮುಂಚೆಯೇ ಮುಂದಿನ ಕಮಾಂಡ್ ಓಡಿಬಿಡುತ್ತದೆ. ಆಮೇಲೆ ಅಡ್ಡಗೆರೆ ಸಹಿತ ಪರ್ಜ್, ಎಲ್ಲವನ್ನೂ, ನಕ್ಷತ್ರ ಚಿಹ್ನೆ, ಒಂದೊಂದಕ್ಕೂ ಕೇಳಬೇಡ. ಒಂದರೊಳಗೆ ಒಂದು ಕೂತಿರುವ ಬ್ಲಾಕುಗಳು (ಒಂದೇ ವಸ್ತುವಾಗಿ ಕಟ್ಟಿಟ್ಟ ಚಿತ್ರಗಳು) ಮೊದಲ ಸಲಕ್ಕೆ ಹೋಗದೆ ಇರಬಹುದು, ಅದಕ್ಕೆ ಪರ್ಜನ್ನು ಎರಡು ಮೂರು ಸಲ ಬರೆಯಿರಿ. ಆಮೇಲೆ ಝೂಮ್ ಎಕ್ಸ್‌ಟೆಂಟ್ಸ್. ಆಮೇಲೆ ಪ್ಲಾಟ್. ಆಮೇಲೆ ಕ್ಯೂಸೇವ್. ಕೊನೆಗೆ ಫೈಲ್‌ಡಯಾ ಮತ್ತೆ 1. ಕೊನೆಯ ಸಾಲು ಬರೆದು ಒಂದೇ ಒಂದು ಸಲ ಎಂಟರ್ ಹೊಡೆದು ನಿಲ್ಲಿಸಿ. ನಿಮಗೇ ಅರ್ಥವಾಗಲಿ ಅಂತ ಏನಾದರೂ ಟಿಪ್ಪಣಿ ಬರೆಯಬೇಕಿದ್ದರೆ ಸಾಲಿನ ಶುರುವಿಗೆ ಅರ್ಧವಿರಾಮ ಹಾಕಿ, ಆಟೋಕ್ಯಾಡ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ.

ಸೇವ್ ಮಾಡುವಾಗ ಹೆಸರಿನ ಕೊನೆಗೆ ಡಾಟ್ ಎಸ್‌ಸಿಆರ್ ಅಂತ ಕೊಡಿ, ಫೈಲ್ ಬಗೆಯಲ್ಲಿ ‘ಆಲ್ ಫೈಲ್ಸ್’ ಆರಿಸಿ. ಇಲ್ಲದಿದ್ದರೆ ನೋಟ್‌ಪ್ಯಾಡ್ ಅದಕ್ಕೆ ಡಾಟ್ ಟಿಎಕ್ಸ್‌ಟಿ ಬಾಲ ಅಂಟಿಸುತ್ತದೆ. ಇನ್ನೊಂದು ಎಚ್ಚರ: ಆ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ವಿಂಡೋಸ್‌ನಲ್ಲಿ ಸ್ಕ್ರೀನ್ ಸೇವರ್‌ಗೂ ಅದೇ ಬಾಲ, ಅದು ಸ್ಕ್ರೀನ್ ಸೇವರ್ ಅಂದುಕೊಂಡು ಓಡಿಸಲು ಹೋಗುತ್ತದೆ. ಆಟೋಕ್ಯಾಡ್ ಒಳಗೆ ಸ್ಕ್ರಿಪ್ಟ್ ಅಂತ ಟೈಪ್ ಮಾಡಿ ಅಲ್ಲಿಂದ ಫೈಲ್ ಆರಿಸಿ.

ಒಂದು ಡ್ರಾಯಿಂಗ್‌ನಲ್ಲಿ ಸರಿಯಾಗಿ ನಡೆಯಿತಾ? ಈಗ 180ಕ್ಕೆ ಬರೋಣ. ಆಟೋಕ್ಯಾಡ್ 2013ರಿಂದ ಅದರ ಜೊತೆಗೇ ಕೋರ್ ಕನ್ಸೋಲ್ ಅಂತ ಒಂದು ಸಣ್ಣ ಪ್ರೋಗ್ರಾಂ ಬರುತ್ತದೆ. ಆಟೋಕ್ಯಾಡ್ ಇನ್‌ಸ್ಟಾಲ್ ಆದ ಫೋಲ್ಡರಿನಲ್ಲೇ ಇರುತ್ತದೆ, ತುಂಬಾ ಜನ ಅದನ್ನು ನೋಡಿಯೇ ಇಲ್ಲ. ಅದಕ್ಕೆ ಪರದೆ ಇಲ್ಲ, ರಿಬ್ಬನ್ ಇಲ್ಲ, ಬರೀ ಕಪ್ಪು ಕಿಟಕಿಯಲ್ಲಿ ಕಮಾಂಡ್‌ಗಳು ಓಡುತ್ತವೆ. ಡ್ರಾಯಿಂಗನ್ನು ಪರದೆಗೆ ತರುವ ಕೆಲಸ ಇಲ್ಲದ್ದರಿಂದ ಬೇಗ ಮುಗಿಯುತ್ತದೆ. ನೋಟ್‌ಪ್ಯಾಡ್‌ನಲ್ಲೇ ಒಂದು ಬ್ಯಾಚ್ ಫೈಲ್ ಮಾಡಿ, ಅದರಲ್ಲಿ ಒಂದೇ ಸಾಲು: ಈ ಫೋಲ್ಡರಿನಲ್ಲಿ ಇರುವ ಒಂದೊಂದು ಡಿಡಬ್ಲ್ಯೂಜಿಗೂ (ಆಟೋಕ್ಯಾಡ್ ಡ್ರಾಯಿಂಗ್ ಫೈಲ್) ಕೋರ್ ಕನ್ಸೋಲನ್ನು ಕರೆ, ಓರೆಗೆರೆ ಐ ಆದ ಮೇಲೆ ಡ್ರಾಯಿಂಗ್ ಹೆಸರು, ಓರೆಗೆರೆ ಎಸ್ ಆದ ಮೇಲೆ ಸ್ಕ್ರಿಪ್ಟ್ ಹೆಸರು. ವಿಂಡೋಸ್‌ನ ‘ಫಾರ್’ ಕಮಾಂಡ್ ಇದಕ್ಕೇ ಇರುವುದು. ಬ್ಯಾಚ್ ಫೈಲಿನ ಒಳಗೆ ಬರೆಯುವಾಗ ಶೇಕಡಾ ಚಿಹ್ನೆಯನ್ನು ಎರಡು ಸಲ ಹಾಕಬೇಕು, ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಇಡೀ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಕ್ಯೂಸೇವ್ ಸಾಲು ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೆ ಪರ್ಜ್ ಮಾಡಿದ್ದೆಲ್ಲ ಉಳಿಯುವುದಿಲ್ಲ, ಅದನ್ನೂ ನೋಡಿಕೊಳ್ಳಿ.

180ನ್ನೂ ಒಂದೇ ಸಲ ಓಡಿಸಬೇಡಿ. ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ. ಆ ಕಾಪಿಯಿಂದ ಮೂರು ಡ್ರಾಯಿಂಗ್ ತೆಗೆದುಕೊಳ್ಳಿ: ತೀರಾ ಸರಳವಾದದ್ದು ಒಂದು, ತೀರಾ ಹಳೆಯದು ಒಂದು, ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಬೇರೆ ಡ್ರಾಯಿಂಗ್) ಇರುವ ದೊಡ್ಡದು ಒಂದು. ಆ ಮೂರೂ ಸರಿ ಬಂದರೆ ಉಳಿದದ್ದನ್ನು ಬಿಡಿ. ಮತ್ತೆ ಪಿಡಿಎಫ್ ಬಂದ ಮೇಲೆ ಕಣ್ಣಾಡಿಸದೆ ಪೇಪರಿಗೆ ಕಳಿಸಬೇಡಿ. ಪೆನ್ ಟೇಬಲ್ ಮೊನೋಕ್ರೋಮ್ ಇರಬೇಕಾದ ಕಡೆ ಬಣ್ಣದ್ದು ಉಳಿದುಬಿಟ್ಟರೆ, ಕಪ್ಪು ಬಿಳಿ ಪ್ರಿಂಟರಿನಲ್ಲಿ ಹಳದಿ ಗೆರೆಗಳೆಲ್ಲ ಮಾಸಿದ ಬೂದು ಬಣ್ಣಕ್ಕೆ ಬರುತ್ತವೆ. ಶಾಪ್ ಫ್ಲೋರಿನಲ್ಲಿ ಎಣ್ಣೆ ಕೈಯಲ್ಲಿ ಹಾಳೆ ಹಿಡಿಯುವ ವೆಲ್ಡರ್‌ಗೆ ಆ ಗೆರೆ ಕಾಣುವುದೇ ಇಲ್ಲ. ನಮ್ಮ ಡ್ರಾಯಿಂಗ್ ಕೊನೆಗೆ ಹೋಗಿ ಸೇರುವುದು ಅವರ ಕೈಗೆ, ಅದು ಯಾವತ್ತೂ ನೆನಪಿನಲ್ಲಿರಲಿ.

ಇಷ್ಟೆಲ್ಲ ಓದಿ ತಲೆ ಬಿಸಿಯಾಯಿತಾ? ಬರೀ ಪಿಡಿಎಫ್ ಬೇಕು, ಪರ್ಜ್ ಆಮೇಲೆ ನೋಡಿಕೊಳ್ಳೋಣ ಅಂದರೆ ಸ್ಕ್ರಿಪ್ಟಿನ ತಂಟೆಗೇ ಹೋಗಬೇಡಿ. ಪಬ್ಲಿಷ್ ಕಮಾಂಡ್ ಕೊಡಿ, ಡ್ರಾಯಿಂಗ್‌ಗಳನ್ನು ಎಳೆದು ತಂದು ಅದರೊಳಗೆ ಹಾಕಿ, ಪೇಜ್ ಸೆಟಪ್ ಆರಿಸಿ, ಆ ಪಟ್ಟಿಯನ್ನು ಡಿಎಸ್‌ಡಿ ಫೈಲಾಗಿ ಉಳಿಸಿಕೊಳ್ಳಿ. ಮುಂದಿನ ರಿವಿಷನ್‌ಗೆ ಅದೇ ಪಟ್ಟಿ ತೆರೆದು ಒಂದು ಬಟನ್ ಒತ್ತಿದರೆ ಆಯಿತು.

ಪ್ರಶ್ನೆ: ಮೇಡಂ, ನಾನು ಡೊಂಬಿವಲಿಯಿಂದ ದಾದರಿಗೆ ಹೋಗಿಬರುತ್ತೇನೆ, ಆರ್ಕಿಟೆಕ್ಟ್ ಆಫೀಸಿನಲ್ಲಿ ಕೆಲಸ. 60 ಶೀಟುಗಳ ಟೈಟಲ್ ಬ್ಲಾಕಿನಲ್ಲಿ ತಾರೀಖು, ರಿವಿಷನ್ ನಂಬರ್ ಬದಲಿಸುವುದು ಸಾಯಂಕಾಲವೇ ಬರುತ್ತದೆ. ಅದರಿಂದ ಪ್ರತಿ ಸಲ ಏಳು ಗಂಟೆಯ ಫಾಸ್ಟ್ ಲೋಕಲ್ ತಪ್ಪುತ್ತದೆ, ಮನೆಯಲ್ಲಿ ಸಣ್ಣ ಮಗು ಇದೆ. ಏನಾದರೂ ದಾರಿ ಇದೆಯಾ? (ಓದುಗರು, ಡೊಂಬಿವಲಿ)

ಉತ್ತರ: ಇದೆ. ನಿಮ್ಮ ಟೈಟಲ್ ಬ್ಲಾಕ್ ಆಟ್ರಿಬ್ಯೂಟ್ (ಬ್ಲಾಕಿನೊಳಗೆ ಬದಲಿಸಬಹುದಾದ ಅಕ್ಷರದ ಖಾನೆ) ಇರುವ ಬ್ಲಾಕ್ ಆಗಿದ್ದರೆ ಅರ್ಧ ಕೆಲಸ ಆಗಲೇ ಆಗಿದೆ. ಬರೀ ಟೆಕ್ಸ್ಟ್ ಇಟ್ಟು ಎಕ್ಸ್‌ಪ್ಲೋಡ್ ಮಾಡಿದ್ದರೆ ಮೊದಲು ಅದನ್ನು ಸರಿಯಾದ ಬ್ಲಾಕ್ ಮಾಡಿಕೊಳ್ಳಿ. 60 ಶೀಟೂ ಒಂದೇ ಫೈಲಿನಲ್ಲಿ ಬೇರೆ ಬೇರೆ ಲೇಔಟ್ ಆಗಿವೆ ಅಂದುಕೊಳ್ಳೋಣ. ಎಕ್ಸ್‌ಪ್ರೆಸ್ ಟೂಲ್ಸ್ (ಆಟೋಕ್ಯಾಡ್‌ನ ಹೆಚ್ಚುವರಿ ಕಮಾಂಡುಗಳ ಕಟ್ಟು) ನಿಮ್ಮಲ್ಲಿ ಇದ್ದರೆ ಅದರಲ್ಲಿ ಆಟ್‌ಔಟ್ ಅನ್ನುವ ಕಮಾಂಡ್ ಇದೆ. ಅದು ಎಲ್ಲ ಟೈಟಲ್ ಬ್ಲಾಕುಗಳ ಆಟ್ರಿಬ್ಯೂಟುಗಳನ್ನು ಒಂದು ಟೆಕ್ಸ್ಟ್ ಫೈಲಿಗೆ ಇಳಿಸುತ್ತದೆ. ಎಕ್ಸೆಲ್‌ನಲ್ಲಿ ತೆರೆಯಿರಿ, ತಾರೀಖಿನ ಕಾಲಮ್ಮಿನಲ್ಲಿ ಮೊದಲ ಸಾಲು ಬದಲಿಸಿ ಕೆಳಗಿನ ತನಕ ಕಾಪಿ ಮಾಡಿ, ಟ್ಯಾಬ್ ಇರುವ ಟೆಕ್ಸ್ಟ್ ಫೈಲಾಗಿಯೇ ಉಳಿಸಿ, ಆಟ್‌ಇನ್ ಕೊಟ್ಟು ವಾಪಸ್ ತನ್ನಿ. 60 ಶೀಟೂ ಒಟ್ಟಿಗೆ ಬದಲಾಗುತ್ತವೆ.

ಆ ಫೈಲಿನ ಮೊದಲ ಕಾಲಮ್ಮಿನಲ್ಲಿ ‘ಹ್ಯಾಂಡಲ್’ ಅಂತ ಇರುತ್ತದೆ, ಅಂಕೆ ಅಕ್ಷರ ಬೆರೆತದ್ದು. ಯಾವ ಸಾಲು ಯಾವ ಬ್ಲಾಕಿಗೆ ಸೇರಿದ್ದು ಅಂತ ಆಟೋಕ್ಯಾಡ್ ಗುರುತು ಹಿಡಿಯುವುದು ಅದರಿಂದಲೇ. ಅದನ್ನು ಮುಟ್ಟಬೇಡಿ. ಅದರ ಶುರುವಿಗೆ ಒಂದು ಸಣ್ಣ ಅಪಾಸ್ಟ್ರಫಿ ಇರುತ್ತದೆ, ಕಸ ಅಂದುಕೊಂಡು ಅಳಿಸಬೇಡಿ. ಅದಿಲ್ಲದಿದ್ದರೆ ‘2ಇ5’ ಅನ್ನುವಂಥ ಹ್ಯಾಂಡಲನ್ನು ಎಕ್ಸೆಲ್ ಸಂಖ್ಯೆ ಅಂದುಕೊಂಡು ಎರಡು ಲಕ್ಷ ಮಾಡಿಬಿಡುತ್ತದೆ.

ಇದು ಇವತ್ತಿನ ಮಟ್ಟಿಗೆ. ಮುಂದಿನ ಪ್ರಾಜೆಕ್ಟ್‌ಗೆ ಶೀಟ್ ಸೆಟ್ ಮ್ಯಾನೇಜರ್ ಕಲಿಯಿರಿ. 2005ರ ಆಟೋಕ್ಯಾಡ್‌ನಿಂದಲೂ ಅದು ಇದೆ, ನಮ್ಮ ಆಫೀಸುಗಳಲ್ಲಿ ಬಳಸುವವರು ಕಡಿಮೆ. ಟೈಟಲ್ ಬ್ಲಾಕಿನಲ್ಲಿ ತಾರೀಖಿನ ಜಾಗಕ್ಕೆ ಫೀಲ್ಡ್ (ತಾನಾಗಿ ಬದಲಾಗುವ ಟೆಕ್ಸ್ಟ್) ಇಟ್ಟು, ಅದನ್ನು ಶೀಟ್ ಸೆಟ್‌ನ ಪ್ರಾಪರ್ಟಿಗೆ ಜೋಡಿಸಿದರೆ ಒಂದು ಕಡೆ ಬದಲಿಸಿದರೆ ಸಾಕು, ಶೀಟುಗಳು ಬೇರೆ ಬೇರೆ ಫೈಲಿನಲ್ಲಿ ಇದ್ದರೂ ಎಲ್ಲ ಕಡೆ ಅದೇ ಬರುತ್ತದೆ. ಏಳು ಗಂಟೆಯ ಲೋಕಲ್ ಸಿಗಬೇಕು ನಿಮಗೆ. ಮಗು ಮಲಗುವ ಮುಂಚೆ ಮನೆ ಸೇರುವುದು ಸಣ್ಣ ವಿಷಯ ಏನಲ್ಲ.

ಪ್ರಶ್ನೆ: ವೆರ್ಣಾದಲ್ಲಿ ನಮ್ಮ ಆಫೀಸಿನಲ್ಲಿ ಇರುವುದು ಆಟೋಕ್ಯಾಡ್ ಎಲ್‌ಟಿ (ಕಡಿಮೆ ಸೌಲಭ್ಯದ ಆವೃತ್ತಿ). ಲಿಸ್ಪ್ ಫೈಲ್ (ಲಿಸ್ಪ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ) ಕೊಟ್ಟರೆ ಓಡುವುದೇ ಇಲ್ಲ. ಎಲ್‌ಟಿಯಲ್ಲಿ ಏನೂ ಮಾಡಲಾಗದಾ? (ಓದುಗರು, ಗೋವಾ)

ಉತ್ತರ: ನಿಮ್ಮದು ಯಾವ ವರ್ಷದ್ದು ಅಂತ ನೋಡಿ. ಎಲ್‌ಟಿಯಲ್ಲಿ ಲಿಸ್ಪ್ ಓಡಲು ಶುರುವಾಗಿದ್ದು 2024ರ ಆವೃತ್ತಿಯಿಂದ. ಅದಕ್ಕೂ ಹಳೆಯದಾದರೆ ಲಿಸ್ಪ್ ಇಲ್ಲ, ಆದರೆ ಸ್ಕ್ರಿಪ್ಟ್ ಇದೆ. ಭೋಸರಿಯವರಿಗೆ ಹೇಳಿದ ನೋಟ್‌ಪ್ಯಾಡಿನ ಸ್ಕ್ರಿಪ್ಟ್ ಒಂದು ಡ್ರಾಯಿಂಗ್‌ನಲ್ಲಿ ನಿಮಗೂ ನಡೆಯುತ್ತದೆ.

ಸ್ಕ್ರಿಪ್ಟಿಗೂ ಲಿಸ್ಪ್‌ಗೂ ಏನು ವ್ಯತ್ಯಾಸ ಅಂತ ಇನ್ನೂ ಮೂರು ಜನ ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಸ್ಕ್ರಿಪ್ಟಿಗೆ ಕಣ್ಣಿಲ್ಲ. ಡ್ರಾಯಿಂಗ್‌ನಲ್ಲಿ ಏನಿದೆ ಏನಿಲ್ಲ ಅಂತ ಅದು ನೋಡುವುದಿಲ್ಲ, ಬರೆದದ್ದನ್ನು ಬರೆದ ಹಾಗೆ ಸುಮ್ನೆ ಹೇಳುತ್ತಾ ಹೋಗುತ್ತದೆ. ಒಂದು ಲೇಯರಿನ ಹೆಸರು ಬದಲಿಸು ಅಂತ ಬರೆದಿದ್ದೀರಿ, ಹತ್ತನೇ ಡ್ರಾಯಿಂಗ್‌ನಲ್ಲಿ ಆ ಲೇಯರೇ ಇಲ್ಲ. ಆಟೋಕ್ಯಾಡ್ ‘ಸಿಗಲಿಲ್ಲ’ ಅಂದು ಮತ್ತೆ ಅದೇ ಪ್ರಶ್ನೆ ಕೇಳುತ್ತದೆ, ಸ್ಕ್ರಿಪ್ಟ್ ಆಗಲೇ ಮುಂದಿನ ಉತ್ತರ ಕೊಟ್ಟಾಗಿರುತ್ತದೆ. ಹೀಗೆ ಒಂದು ಮೆಟ್ಟಿಲು ತಪ್ಪಿದರೆ ಕೊನೆಯ ತನಕ ತಪ್ಪು. ಲಿಸ್ಪ್ ಹಾಗಲ್ಲ. ‘ಈ ಲೇಯರ್ ಇದೆಯಾ ನೋಡು, ಇದ್ದರೆ ಮಾತ್ರ ಬದಲಿಸು’ ಅಂತ ಅದಕ್ಕೆ ಹೇಳಬಹುದು. ‘ಎಲ್ಲ ಲೇಔಟುಗಳ ಹೆಸರು ತೆಗೆದುಕೊಂಡು ಒಂದೊಂದನ್ನೂ ಪ್ಲಾಟ್ ಮಾಡು’ ಅನ್ನಬಹುದು, ಅದಕ್ಕೆ ಲೇಔಟ್‌ಲಿಸ್ಟ್ ಅಂತ ತಯಾರಾದ ಒಂದು ಫಂಕ್ಷನ್ನೇ ಇದೆ. ಲಿಸ್ಪ್ ಅನ್ನುವ ಭಾಷೆ 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ್ದು, ಆಟೋಕ್ಯಾಡ್‌ಗೆ ಅದು ಬಂದದ್ದು 1986ರಲ್ಲಿ. ಆವರಣ ಚಿಹ್ನೆಗಳು ಜಾಸ್ತಿ ಅನ್ನುವುದು ಬಿಟ್ಟರೆ ಕಲಿಯಲು ಹೆದರಬೇಕಾದ್ದು ಏನೂ ಇಲ್ಲ. ಮೊದಲು ಸ್ಕ್ರಿಪ್ಟ್ ಬರೆಯಿರಿ. ಎಲ್ಲಿ ಅದು ಎಡವುತ್ತದೋ ಅಷ್ಟಕ್ಕೆ ಮಾತ್ರ ಲಿಸ್ಪ್ ಕಲಿಯಿರಿ.

ಪ್ರಶ್ನೆ: ಅಂಧೇರಿಯ ನಮ್ಮ ಆಫೀಸಿನಲ್ಲಿ ಗೆಳೆಯರು ಕಳಿಸಿದ ಲಿಸ್ಪ್ ಫೈಲ್ ಹಾಕಿದ್ದಕ್ಕೆ ಸೀನಿಯರ್ ಬೈದರು. ಡ್ರಾಯಿಂಗ್ ಫೈಲಿಗೂ ವೈರಸ್ ಬರುತ್ತದಾ? (ಓದುಗರು, ಮುಂಬಯಿ)

ಉತ್ತರ: ಬರುತ್ತದೆ. ನಿಮ್ಮ ಸೀನಿಯರ್ ಹೇಳಿದ್ದು ಸರಿ, ಅವರ ಮಾತನ್ನು ತಪ್ಪು ತಿಳಿಯಬೇಡಿ. 2012ರಲ್ಲಿ ಈಸೆಟ್ ಅನ್ನುವ ಆಂಟಿವೈರಸ್ ಕಂಪನಿ ಒಂದು ಹುಳುವನ್ನು ಪತ್ತೆ ಮಾಡಿತು, ಮೆಡ್ರೆ ಅಂತ ಹೆಸರು. ಅದನ್ನು ಬರೆದದ್ದು ಆಟೋಲಿಸ್ಪ್‌ನಲ್ಲೇ. ತೆರೆದ ಡ್ರಾಯಿಂಗ್‌ಗಳನ್ನು ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು, ಜಾಸ್ತಿ ಹಬ್ಬಿದ್ದು ಪೆರು ದೇಶದಲ್ಲಿ. ಯೋಚಿಸಿ, ಒಂದು ಆಫೀಸಿನ ವರ್ಷಗಟ್ಟಲೆಯ ಕೆಲಸ ಯಾರಿಗೂ ಗೊತ್ತಾಗದೆ ಹೊರಗೆ ಹೋಗುವುದು.

ಡ್ರಾಯಿಂಗ್ ಇರುವ ಫೋಲ್ಡರಿನಲ್ಲಿ ‘ಎಕ್ಯಾಡ್’ ಅಥವಾ ‘ಎಕ್ಯಾಡ್‌ಡಾಕ್’ ಅನ್ನುವ ಹೆಸರಿನ ಲಿಸ್ಪ್ ಫೈಲ್ ತಾನಾಗಿ ಬಂದು ಕೂತಿದ್ದರೆ ಅನುಮಾನ ಪಡಿ. ಆ ಹೆಸರಿನವು ಯಾರೂ ಕರೆಯದೆ ಆಟೋಕ್ಯಾಡ್ ಜೊತೆಗೇ ಲೋಡ್ ಆಗುತ್ತವೆ. ಸೆಕ್ಯೂರ್‌ಲೋಡ್ ವೇರಿಯಬಲ್ 1 ಇರಲಿ, ಸೊನ್ನೆ ಮಾಡಬೇಡಿ. 1 ಇದ್ದರೆ ಗುರುತಿಲ್ಲದ ಜಾಗದಿಂದ ಲೋಡ್ ಆಗುವ ಮುಂಚೆ ನಿಮ್ಮನ್ನು ಕೇಳುತ್ತದೆ. ಡಾಟ್ ಎಲ್‌ಎಸ್‌ಪಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು, ಪೂರ್ತಿ ಅರ್ಥವಾಗದಿದ್ದರೂ ಇಮೇಲ್, ಡಿಲೀಟ್ ಅಂತ ಏನಾದರೂ ಕಂಡರೆ ಗೊತ್ತಾಗುತ್ತದೆ. ಎಫ್‌ಎಎಸ್, ವಿಎಲ್‌ಎಕ್ಸ್ ಬಾಲದವನ್ನು ಓದಲು ಬರುವುದಿಲ್ಲ. ಕೊಟ್ಟವರ ಮೇಲೆ ಪೂರ್ತಿ ನಂಬಿಕೆ ಇಲ್ಲದೆ ಅವನ್ನು ಹಾಕಬೇಡಿ.

ಪ್ರಶ್ನೆ: ನನ್ನ ಮಗ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದಾನೆ. ಕಂಪ್ಯೂಟರೇ ಎಲ್ಲ ತಾನಾಗಿ ಮಾಡಿದರೆ ಮುಂದೆ ಇವನಿಗೆ ಕೆಲಸ ಎಲ್ಲಿ ಸಿಗುತ್ತದೆ? (ಒಬ್ಬ ತಾಯಿ, ಚಿಂಚವಾಡ)

ಉತ್ತರ: ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ ಅಮ್ಮಾ. ಆಟೋಕ್ಯಾಡ್ ಮೊದಲು ಬಂದದ್ದು 1982ರಲ್ಲಿ. ಅದು ನಮ್ಮ ಆಫೀಸುಗಳಿಗೆ ಬಂದಾಗ ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಹಿರಿಯರೂ ಇದೇ ಮಾತು ಆಡಿದ್ದರು. ನಾನು ಕೆಲಸ ಕಲಿತದ್ದು ಅಂಥ ಒಬ್ಬರ ಕೈಕೆಳಗೆ. ಟ್ರೇಸಿಂಗ್ ಪೇಪರಿನ ಮೇಲೆ ಇಂಕ್ ಗೆರೆ ತಪ್ಪಿದರೆ ಬ್ಲೇಡಿನಿಂದ ನಯವಾಗಿ ಕೆರೆದು ತೆಗೆಯುತ್ತಿದ್ದರು, ಪೇಪರ್ ಹರಿಯುತ್ತಿರಲಿಲ್ಲ. ಬ್ಲೇಡಿನ ಕೆಲಸ ಈಗ ಯಾರಿಗೂ ಬೇಡ. ಆದರೆ ಅವರು ಒಂದು ಎಲಿವೇಶನ್ ನೋಡಿ ‘ಇಲ್ಲಿ ಬೋಲ್ಟ್ ಬಿಗಿ ಮಾಡಲು ಸ್ಪ್ಯಾನರ್ ಹೋಗುವುದಿಲ್ಲ’ ಅನ್ನುತ್ತಿದ್ದರಲ್ಲ, ಅದು ಇವತ್ತಿಗೂ ಬೇಕು. ಯಾವ ಸ್ಕ್ರಿಪ್ಟೂ ಅದನ್ನು ಹೇಳುವುದಿಲ್ಲ.

ಮಗನಿಗೆ ಎರಡು ಮಾತು ತಿಳಿಸಿ. ರಜೆಯಲ್ಲಿ ಯಾವುದಾದರೂ ವರ್ಕ್‌ಶಾಪಿಗೆ ಹೋಗಿ ಡ್ರಾಯಿಂಗ್ ಹೇಗೆ ಬಳಕೆಯಾಗುತ್ತದೆ ಅಂತ ನೋಡಲಿ, ನಿಮ್ಮ ಸುತ್ತಮುತ್ತ ಅದಕ್ಕೆ ಕೊರತೆ ಇಲ್ಲ. ಜೊತೆಗೆ ಸ್ಕ್ರಿಪ್ಟ್ ಬರೆಯುವುದನ್ನು ಈಗಲೇ ರೂಢಿ ಮಾಡಿಕೊಳ್ಳಲಿ. ಒಂದು ಆಫೀಸಿನಲ್ಲಿ ಇಬ್ಬರು ಹೊಸಬರು ಸೇರಿ, ಒಬ್ಬನಿಗೆ 200 ಶೀಟನ್ನು ಅರ್ಧ ಗಂಟೆಯಲ್ಲಿ ಪಿಡಿಎಫ್ ಮಾಡಲು ಬಂದರೆ, ಉಳಿದ ಸಮಯದಲ್ಲಿ ಸೀನಿಯರ್ ಪಕ್ಕ ಕೂತು ಡಿಸೈನ್ ಕಲಿಯುವ ಅವಕಾಶ ಅವನಿಗೇ ಮೊದಲು ಸಿಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಮಡಗಾಂವ್‌ನಲ್ಲಿ ಸರ್ವೆ ಕೆಲಸ ಮಾಡುತ್ತೇನೆ. ಟೋಟಲ್ ಸ್ಟೇಷನ್‌ನಿಂದ (ಜಾಗ ಅಳೆಯುವ ಉಪಕರಣ) ಬಂದ ನಾನೂರು ಐನೂರು ಪಾಯಿಂಟುಗಳು ಎಕ್ಸೆಲ್‌ನಲ್ಲಿ ಇರುತ್ತವೆ. ಅವನ್ನು ಆಟೋಕ್ಯಾಡ್‌ಗೆ ತರಲು ಸ್ಕ್ರಿಪ್ಟ್ ಮಾಡಿದೆ, ಆದರೆ ಕೆಲವು ಪಾಯಿಂಟುಗಳು ಬೇರೆ ಜಾಗಕ್ಕೆ ಬೀಳುತ್ತವೆ. ಅದೇ ಅಂಕೆ ಕೈಯಿಂದ ಟೈಪ್ ಮಾಡಿದರೆ ಸರಿಯಾಗಿ ಬರುತ್ತದೆ. ಯಾಕೆ ಹೀಗೆ? (ಓದುಗರು, ಗೋವಾ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ಇದು ನಿಜಕ್ಕೂ ಅಪಾಯದ ವಿಷಯ. ನಿಮ್ಮ ಅಂಕೆ ಸರಿಯಾಗಿದೆ, ಸ್ಕ್ರಿಪ್ಟೂ ಸರಿಯಾಗಿದೆ. ತಪ್ಪು ಆಬ್ಜೆಕ್ಟ್ ಸ್ನ್ಯಾಪ್‌ನದ್ದು, ಅಂದರೆ ಹತ್ತಿರದ ಗೆರೆಯ ತುದಿಯಂಥ ಜಾಗಕ್ಕೆ ಪಾಯಿಂಟನ್ನು ತಾನೇ ಎಳೆದುಕೊಳ್ಳುವ ಸೌಲಭ್ಯದ್ದು. ಓಸ್ನ್ಯಾಪ್‌ಕೂರ್ಡ್ ಅನ್ನುವ ಒಂದು ವೇರಿಯಬಲ್ ಇದೆ, ಹೊಸ ಆಟೋಕ್ಯಾಡ್‌ನಲ್ಲಿ ಅದರ ಬೆಲೆ 2 ಇರುತ್ತದೆ. ಹಾಗಂದರೆ ಕೈಯಿಂದ ಟೈಪ್ ಮಾಡಿದ ಅಂಕೆಯ ಮುಂದೆ ಸ್ನ್ಯಾಪ್ ನಡೆಯುವುದಿಲ್ಲ, ಆದರೆ ಸ್ಕ್ರಿಪ್ಟಿನಿಂದ ಬಂದ ಅಂಕೆಯ ಮೇಲೆ ಸ್ನ್ಯಾಪ್ ನಡೆಯುತ್ತದೆ. ಆದ್ದರಿಂದಲೇ ಟೈಪ್ ಮಾಡಿದಾಗ ಸರಿ, ಸ್ಕ್ರಿಪ್ಟಿನಲ್ಲಿ ತಪ್ಪು. ಝೂಮ್ ಔಟ್ ಆಗಿದ್ದಾಗ ಹತ್ತಿರದಲ್ಲಿ ಯಾವುದಾದರೂ ಗೆರೆಯ ತುದಿ ಇದ್ದರೆ ನಿಮ್ಮ ಪಾಯಿಂಟ್ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

ನಾನು ಹಿಂದೆ ಕೆಲಸ ಮಾಡಿದ ನವಿ ಮುಂಬಯಿಯ ಒಂದು ಆಫೀಸಿನಲ್ಲಿ ಇದೇ ಆಯಿತು. ಆಂಕರ್ ಬೋಲ್ಟ್‌ಗಳ 64 ಜಾಗಗಳನ್ನು ಸ್ಕ್ರಿಪ್ಟಿನಿಂದ ಹಾಕಿದ್ದೆ. ಐದು ಬೋಲ್ಟುಗಳು ಗ್ರಿಡ್ ಗೆರೆಯ ತುದಿಗೆ ಹಾರಿದ್ದವು, ಬರೀ ಕೆಲವು ಇಂಚು, ಕಣ್ಣಿಗೆ ಗೊತ್ತಾಗದಷ್ಟು. ಡ್ರಾಯಿಂಗ್ ಸೈಟಿಗೆ ಹೋಯಿತು. ಕಾಂಕ್ರೀಟ್ ಹಾಕುವ ಹಿಂದಿನ ದಿನ ಅಲ್ಲಿನ ಇಂಜಿನಿಯರ್ ಟೇಪ್ ಹಿಡಿದು ಅಳೆದು ನೋಡಿದರು, ಫೋನ್ ಮಾಡಿದರು. ಅವರು ಅಳೆಯದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಓಎಸ್‌ಮೋಡ್ (ಯಾವ ಸ್ನ್ಯಾಪ್‌ಗಳು ಆನ್ ಇವೆ ಅನ್ನುವ ವೇರಿಯಬಲ್) ಸೊನ್ನೆ ಮಾಡಿ, ಅದಕ್ಕೂ ಮುಂಚೆ ಅದರ ಹಳೆಯ ಬೆಲೆ ಎಷ್ಟಿತ್ತು ಅಂತ ನೋಡಿ ಬರೆದಿಟ್ಟುಕೊಂಡು, ಕೊನೆಯ ಸಾಲಿನಲ್ಲಿ ಅದನ್ನೇ ವಾಪಸ್ ಕೊಡಿ. ಇನ್ನು ಎಕ್ಸೆಲ್‌ನಲ್ಲಿ ಎರಡು ಅಂಕೆ ಜೋಡಿಸುವಾಗ ಅಲ್ಪವಿರಾಮದ ನಂತರ ಜಾಗ ಬಿಡಬೇಡಿ. ಬರೆಯುವಾಗ ನಮಗೆಲ್ಲ ಅದು ಅಭ್ಯಾಸ, ಆದರೆ ಸ್ಕ್ರಿಪ್ಟಿನಲ್ಲಿ ಆ ಜಾಗವೇ ಎಂಟರ್ ಆಗಿಬಿಡುತ್ತದೆ. ಆಟೋಕ್ಯಾಡ್‌ಗೆ ಮೊದಲು ಪೂರ್ವದ ಅಂಕೆ, ಆಮೇಲೆ ಉತ್ತರದ ಅಂಕೆ ಬೇಕು. ಟೋಟಲ್ ಸ್ಟೇಷನ್ ಫೈಲುಗಳಲ್ಲಿ ಎಷ್ಟೋ ಸಲ ಉತ್ತರ ಮೊದಲು ಬರುತ್ತದೆ. ಗೋವಾ ಯುಟಿಎಂನ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಪದ್ಧತಿ) 43ನೇ ವಲಯದಲ್ಲಿದೆ, ಅಲ್ಲಿ ಉತ್ತರದ ಅಂಕೆ ಹದಿನಾರು ಹದಿನೇಳು ಲಕ್ಷ ಮೀಟರ್ ಇರುತ್ತದೆ, ಪೂರ್ವದ್ದು ಅದಕ್ಕಿಂತ ತುಂಬಾ ಚಿಕ್ಕದು, ಹಾಗಾಗಿ ನೋಡಿದ ಕೂಡಲೇ ಯಾವುದು ಯಾವುದು ಅಂತ ತಿಳಿಯುತ್ತದೆ.

ಪಾಯಿಂಟುಗಳು ಬಂದ ಮೇಲೆ ಪರದೆ ಖಾಲಿ ಕಂಡರೆ ಗಾಬರಿ ಬೇಡ. ಅಷ್ಟು ದೊಡ್ಡ ಅಂಕೆ ಆದ್ದರಿಂದ ಅವು ದೂರದಲ್ಲಿ ಕೂತಿರುತ್ತವೆ, ಝೂಮ್ ಎಕ್ಸ್‌ಟೆಂಟ್ಸ್ ಕೊಡಿ. ಚುಕ್ಕೆ ಕಾಣದಿದ್ದರೆ ಪಿಡಿಮೋಡ್ 3 ಮಾಡಿ, ಇಂಟು ಗುರುತಿನಂತೆ ಕಾಣುತ್ತವೆ. ಆಮೇಲೆ ನೋಡ್ ಸ್ನ್ಯಾಪ್ ಹಾಕಿಕೊಂಡು, ಐಡಿ ಕಮಾಂಡ್ ಕೊಟ್ಟು, ನಾಲ್ಕು ಮೂಲೆಯ ನಾಲ್ಕು ಪಾಯಿಂಟು ಮತ್ತೆ ನಡುವಿನ ಐದಾರು ಪಾಯಿಂಟುಗಳನ್ನು ಒಂದೊಂದಾಗಿ ಎಕ್ಸೆಲ್ ಪಕ್ಕಕ್ಕಿಟ್ಟು ತಾಳೆ ನೋಡಿ. ಈಗಾಗಲೇ ಆ ಸ್ಕ್ರಿಪ್ಟಿನಿಂದ ಮಾಡಿ ಯಾರಿಗಾದರೂ ಕೊಟ್ಟ ಸರ್ವೆ ಇದ್ದರೆ ಇವತ್ತೇ ಅದನ್ನು ತೆರೆದು ಹೀಗೆಯೇ ಪರೀಕ್ಷೆ ಮಾಡಿ, ತಪ್ಪಿದ್ದರೆ ಅವರಿಗೆ ಫೋನ್ ಮಾಡಿ ತಿಳಿಸಿ.